ಮರದ ತುಂಡಿನಿಂದ ‘ಲಾಗ್ ಇನ್’ವರೆಗೆ

ಬ್ಯಾಂಕಿನ ಖಾತೆಯನ್ನು ನೋಡುವುದಕ್ಕೆ, ರೈಲಿನ ಟಿಕೆಟ್ ಕಾಯ್ದಿರಿಸುವುದಕ್ಕೆ, ಕಚೇರಿಯ ಕೆಲಸವನ್ನು ಮನೆಯಿಂದಲೇ ಆರಂಭಿಸುವುದಕ್ಕೆ ಇಂದು ಮೊದಲು ‘ಲಾಗಿನ್’ ಆಗಬೇಕು. ಈ ಮಾತನ್ನು ಬಳಸುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವ ಚಿತ್ರ ಬಾಗಿಲಿನದು: ಪಾಸ್‌ವರ್ಡ್ ಎಂಬ ಕೀಲಿಕೈ ಹಾಕಿ ಬೀಗ ತೆಗೆದು ಒಳಗೆ ಹೋಗುತ್ತೇವೆ, ಕೆಲಸ ಮುಗಿದ ಮೇಲೆ ಹೊರಗೆ ಬರುತ್ತೇವೆ. ‘ಇನ್’ ಎಂದರೆ ಒಳಗೆ, ‘ಔಟ್’ ಎಂದರೆ ಹೊರಗೆ ಎಂದು ಶಾಲೆಯಲ್ಲಿ ಕಲಿತ ಪಾಠವೂ ಈ ಚಿತ್ರವನ್ನೇ ಗಟ್ಟಿಮಾಡುತ್ತದೆ. ಆದರೆ ಪದದ ಇತಿಹಾಸ ಇದನ್ನು ಒಪ್ಪುವುದಿಲ್ಲ. ‘ಲಾಗ್ ಇನ್’ ಎಂಬುದರ ಮೂಲದಲ್ಲಿ ಬಾಗಿಲಿಲ್ಲ, ಬೀಗವಿಲ್ಲ. ಇರುವುದು ಒಂದು ದಾಖಲೆ ಪುಸ್ತಕ, ಅದರ ಹಿಂದೆ ಸಮುದ್ರಕ್ಕೆ ಎಸೆದ ಒಂದು ಮರದ ತುಂಡು. ಪುಸ್ತಕದಲ್ಲಿ ಹೆಸರನ್ನೂ ವೇಳೆಯನ್ನೂ ಬರೆಸಿ ಲೆಕ್ಕಕ್ಕೆ ಸೇರುವುದು ಎಂಬುದೇ ಈ ಕ್ರಿಯಾಪದದ ತಿರುಳು.

ಇಂಗ್ಲಿಷಿನಲ್ಲಿ ಒಂದು ಸಾಮಾನ್ಯ ಕ್ರಿಯಾಪದಕ್ಕೆ ‘ಇನ್’, ‘ಔಟ್’, ‘ಅಪ್’, ‘ಆಫ್’ ಮುಂತಾದ ಒಂದು ಚಿಕ್ಕ ಪದ ಅಂಟಿಕೊಂಡು, ಎರಡೂ ಸೇರಿ ಹೊಸ ಅರ್ಥ ಕೊಡುವ ರಚನೆಯನ್ನು ಫ್ರೇಸಲ್ ವರ್ಬ್ ಎನ್ನುತ್ತಾರೆ. ಈ ಹೆಸರು 1925ರಲ್ಲಿ ಪ್ರಕಟವಾದ ಲೋಗನ್ ಪಿಯರ್ಸಾಲ್ ಸ್ಮಿತ್ ಅವರ ಗ್ರಂಥದಿಂದ ಬಳಕೆಗೆ ಬಂತು. ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ಹೇಳಿಕೊಂಡಿದ್ದಾರೆ. ಹೆಸರು ಹೊಸದಾದರೂ ತೊಡಕು ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ, ಪರದೇಶದವರಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಷ್ಟ ಕೊಡುವುದು ಇಂಥ ಜೋಡಣೆಗಳು ಎಂದು ಗುರುತಿಸಿದ್ದರು. ಕನ್ನಡಿಗರಿಗೆ ಇದು ತೀರ ಅಪರಿಚಿತವಾಗಬೇಕಿಲ್ಲ. ‘ಸುಟ್ಟುಹಾಕು’ ಎನ್ನುವಾಗ ನಾವು ಏನನ್ನೂ ಎಲ್ಲಿಯೂ ಹಾಕುವುದಿಲ್ಲ, ‘ಹೇಳಿಬಿಡು’ ಎನ್ನುವಾಗ ಏನನ್ನೂ ಬಿಡುವುದಿಲ್ಲ. ಎರಡನೆಯ ಪದ ತನ್ನ ಮೂಲಾರ್ಥವನ್ನು ಕಳೆದುಕೊಂಡು ಮೊದಲನೆಯದಕ್ಕೆ ಒಂದು ಛಾಯೆಯನ್ನಷ್ಟೇ ಕೊಡುತ್ತದೆ. ಇಂಗ್ಲಿಷಿನ ‘ಇನ್’ ಕೂಡ ಎಲ್ಲೆಡೆ ‘ಒಳಗೆ’ ಆಗಿರುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಟ್ಟುಕೊಂಡರೆ ಸಾಕು.

ಈಗ ಮೊದಲ ಪದಕ್ಕೆ ಬರೋಣ. ‘ಲಾಗ್’ ಎಂದರೆ ಕಡಿದ ಮರದ ದಿಮ್ಮಿ ಅಥವಾ ತುಂಡು. ಗಣಿತದ ‘ಲಾಗ್’ಗೂ ಇದಕ್ಕೂ ಸಂಬಂಧವಿಲ್ಲ, ಅದು 1614ರಲ್ಲಿ ಜಾನ್ ನೇಪಿಯರ್ ಪ್ರಕಟಿಸಿದ ಲಾಗರಿದಮ್ ಎಂಬ ಹೆಸರಿನ ಮೊಟಕು ರೂಪ, ಅದರ ಬೇರು ಗ್ರೀಕಿನಲ್ಲಿದೆ. ನಮಗೆ ಬೇಕಾದ ‘ಲಾಗ್’ ಹಳ್ಳಿಯ ಇಂಗ್ಲಿಷಿನದು, ಸೌದೆಯ ವಾಸನೆಯದು. ಅದು ಹಡಗು ಹತ್ತಿದ್ದು ಒಂದು ದೊಡ್ಡ ಕಷ್ಟದ ಪರಿಹಾರಕ್ಕಾಗಿ.

ತೀರ ಕಾಣದ ಕಡಲಿನಲ್ಲಿ ಹಡಗು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಉತ್ತರ–ದಕ್ಷಿಣವಾಗಿ ಎಷ್ಟು ದೂರ ಬಂದಿದ್ದೇವೆ ಎಂಬುದನ್ನು ಸೂರ್ಯ, ಧ್ರುವನಕ್ಷತ್ರಗಳ ಎತ್ತರದಿಂದ ಅಳೆಯಬಹುದಿತ್ತು. ಪೂರ್ವ–ಪಶ್ಚಿಮದ ದೂರವನ್ನು, ಅಂದರೆ ರೇಖಾಂಶವನ್ನು, ಅಳೆಯುವ ನಂಬಿಕಸ್ಥ ಸಾಧನ 18ನೇ ಶತಮಾನದಲ್ಲಿ ಜಾನ್ ಹ್ಯಾರಿಸನ್ ಅವರ ಸಮುದ್ರ ಗಡಿಯಾರ ಬರುವವರೆಗೆ ಇರಲಿಲ್ಲ. ಆದ್ದರಿಂದ ನಾವಿಕರು ಯಾವ ದಿಕ್ಕಿನಲ್ಲಿ, ಯಾವ ವೇಗದಲ್ಲಿ, ಎಷ್ಟು ಹೊತ್ತು ಸಾಗಿದೆವು ಎಂಬ ಮೂರನ್ನು ಕೂಡಿಸಿ ತಮ್ಮ ಸ್ಥಾನವನ್ನು ಊಹಿಸುತ್ತಿದ್ದರು. ದಿಕ್ಕಿಗೆ ದಿಕ್ಸೂಚಿ ಇತ್ತು, ಹೊತ್ತಿಗೆ ಮರಳುಗಡಿಯಾರ ಇತ್ತು. ವೇಗಕ್ಕೆ ಮಾತ್ರ ಬಹುಕಾಲ ಕಣ್ಣಂದಾಜೇ ಗತಿಯಾಗಿತ್ತು. ಹಡಗಿನ ಮುಂಭಾಗದಿಂದ ಮರದ ಚೂರೊಂದನ್ನು ನೀರಿಗೆ ಎಸೆದು, ಅದು ಹಿಂಭಾಗವನ್ನು ದಾಟಲು ತೆಗೆದುಕೊಳ್ಳುವ ಹೊತ್ತನ್ನು ನೋಡಿ ವೇಗವನ್ನು ಲೆಕ್ಕಹಾಕುವ ಸರಳ ಉಪಾಯವೂ ಇತ್ತು. ಮರ ತೇಲುತ್ತಾ ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ, ಹಡಗು ಅದನ್ನು ಬಿಟ್ಟು ಮುಂದೆ ಹೋಗುತ್ತದೆ ಎಂಬುದೇ ಇದರ ತತ್ತ್ವ.

ಇದೇ ತತ್ತ್ವಕ್ಕೆ ಹಗ್ಗ ಕಟ್ಟಿದಾಗ ‘ಲಾಗ್’ ಎಂಬ ನಿಜವಾದ ಉಪಕರಣ ಹುಟ್ಟಿತು. ಇಂಗ್ಲೆಂಡಿನ ವಿಲಿಯಂ ಬೋರ್ನ್ ನಾವಿಕರಿಗಾಗಿ ಬರೆದು 1574ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಇದರ ವಿವರಣೆ ಮೊದಲಿಗೆ ಸಿಗುತ್ತದೆ. ಕಾಲಕ್ರಮದಲ್ಲಿ ಅದು ಪಡೆದ ರೂಪ ಹೀಗಿತ್ತು: ವೃತ್ತದ ಕಾಲುಭಾಗದಷ್ಟು ಆಕಾರದ ತೆಳು ಹಲಗೆ, ನೀರಿನಲ್ಲಿ ನೆಟ್ಟಗೆ ನಿಂತು ಎಳೆತವನ್ನು ತಡೆಯಲೆಂದು ಅದರ ದುಂಡಗಿನ ಅಂಚಿಗೆ ಸೀಸದ ಭಾರ, ಮೂರು ಮೂಲೆಗಳಿಗೂ ಹುರಿ, ಅವು ಕೂಡುವಲ್ಲಿಂದ ರಾಟೆಗೆ ಸುತ್ತಿದ ಉದ್ದನೆಯ ಹಗ್ಗ. ಹಗ್ಗದಲ್ಲಿ ನಿಯಮಿತ ಅಂತರಕ್ಕೊಂದರಂತೆ ಗಂಟುಗಳ ಗುರುತು. ಒಬ್ಬ ರಾಟೆಯನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದ, ಇನ್ನೊಬ್ಬ ಮರಳುಗಡಿಯಾರವನ್ನು, ಮೂರನೆಯವ ಹಡಗಿನ ಹಿಂಭಾಗದಿಂದ ಹಲಗೆಯನ್ನು ನೀರಿಗೆ ಬಿಡುತ್ತಿದ್ದ. ಹಡಗು ಕಲಕಿದ ನೀರಿನಿಂದ ಹಲಗೆ ಆಚೆ ಹೋಗುವಷ್ಟು ಹಗ್ಗವನ್ನು ಮೊದಲು ಲೆಕ್ಕವಿಲ್ಲದೆ ಬಿಟ್ಟು, ಬಟ್ಟೆಯ ತುಣುಕಿನ ಗುರುತು ಕೈಗೆ ಸಿಕ್ಕ ಕ್ಷಣ ಗಡಿಯಾರವನ್ನು ತಿರುಗಿಸುತ್ತಿದ್ದರು. ಮರಳು ಸುರಿದು ಮುಗಿಯುತ್ತಲೇ ಹಗ್ಗವನ್ನು ಬಿಗಿಹಿಡಿದು, ಎಷ್ಟು ಗಂಟುಗಳು ಕೈಯಿಂದ ಜಾರಿಹೋದವು ಎಂದು ಎಣಿಸುತ್ತಿದ್ದರು. ಹಾಗೆ ಬಿಗಿಹಿಡಿದಾಗ ಹಲಗೆಯ ಒಂದು ಬಿರಡೆ ಕಳಚಿಕೊಂಡು ಅದು ನೀರಿನ ಮೇಲೆ ಮಲಗುತ್ತಿತ್ತು; ಒಳಗೆ ಎಳೆದುಕೊಳ್ಳುವುದು ಸುಲಭವಾಗುತ್ತಿತ್ತು.

ಹಡಗಿನ ವೇಗವನ್ನು ಇಂದಿಗೂ ‘ನಾಟ್’ ಎಂಬ ಮಾನದಲ್ಲಿ ಹೇಳುವುದು ಈ ಗಂಟುಗಳಿಂದಲೇ. ಕಾರವಾರದ ನೌಕಾನೆಲೆಯಿಂದ ಹೊರಡುವ ಯುದ್ಧನೌಕೆಯ ವೇಗವೂ, ಅರಬ್ಬಿ ಸಮುದ್ರದ ಚಂಡಮಾರುತದ ಗಾಳಿಯ ವೇಗವೂ ತಜ್ಞರ ಲೆಕ್ಕದಲ್ಲಿ ಇರುವುದು ನಾಟ್‌ಗಳಲ್ಲಿ. ಗಂಟುಗಳ ನಡುವಿನ ಅಂತರದ ಹಿಂದಿರುವ ಗಣಿತವೂ ಸರಳವಾದದ್ದು. ಗಡಿಯಾರ 28 ಸೆಕೆಂಡಿನದಾದರೆ, ಒಂದು ಗಂಟೆಯ 3600 ಸೆಕೆಂಡಿನಲ್ಲಿ 28 ಎಷ್ಟು ಪಾಲೋ 6080 ಅಡಿಯ ನಾವಿಕ ಮೈಲಿಯಲ್ಲಿ ಗಂಟುಗಳ ಅಂತರವೂ ಅಷ್ಟೇ ಪಾಲಾಗಿರಬೇಕು. ಲೆಕ್ಕ ಮಾಡಿದರೆ ಅದು ಸುಮಾರು 47 ಅಡಿ 3 ಅಂಗುಲ. ಹೀಗೆ ಅಳೆದಿಟ್ಟರೆ ಮರಳು ಸುರಿಯುವಷ್ಟರಲ್ಲಿ ಐದು ಗಂಟು ಹೋದರೆ ವೇಗ ಗಂಟೆಗೆ ಐದು ನಾವಿಕ ಮೈಲಿ, ಮತ್ತೆ ಗುಣಾಕಾರ ಭಾಗಾಕಾರ ಬೇಕಿಲ್ಲ. ಮೊದಮೊದಲು ಮೈಲಿಯನ್ನು 5000 ಅಡಿ ಎಂದೇ ಹಿಡಿದು, 30 ಸೆಕೆಂಡಿಗೆ 42 ಅಡಿಯಂತೆ ಗಂಟು ಹಾಕುತ್ತಿದ್ದುದರಿಂದ ಲೆಕ್ಕ ತಪ್ಪುತ್ತಿತ್ತು. ರಿಚರ್ಡ್ ನಾರ್‌ವುಡ್ 1630ರ ದಶಕದಲ್ಲಿ ಲಂಡನ್ನಿನಿಂದ ಯಾರ್ಕ್ ನಗರದವರೆಗೆ ನೆಲವನ್ನೇ ಅಳೆದು, ನಾವಿಕ ಮೈಲಿ ಅದಕ್ಕಿಂತ ಬಹಳ ಉದ್ದ ಎಂದು 1637ರಲ್ಲಿ ತೋರಿಸಿಕೊಟ್ಟರು. ಆದರೂ ರೂಢಿ ಬದಲಾಗಲು ಬಹಳ ಕಾಲ ಹಿಡಿಯಿತು.

ಅಳೆದ ವೇಗವನ್ನು ಬರೆದಿಡದಿದ್ದರೆ ಅಳೆದೂ ಪ್ರಯೋಜನವಿಲ್ಲ. ಪುಸ್ತಕದ ಹಾಗೆ ಮಡಚಬಹುದಾದ ಎರಡು ಹಲಗೆಗಳ ಮೇಲೆ ಸುಣ್ಣದ ಕಡ್ಡಿಯಿಂದ ಗಂಟೆಗಂಟೆಗೆ ವಿವರ ಬರೆಯುತ್ತಿದ್ದರು. ಅದು ಲಾಗ್ ಹಲಗೆ. ಅದು ಕಚ್ಚಾ ಲೆಕ್ಕ. ಅದನ್ನು ದಿನಕ್ಕೊಮ್ಮೆ, ಮಧ್ಯಾಹ್ನದ ಹೊತ್ತಿಗೆ, ಪುಸ್ತಕಕ್ಕೆ ಇಳಿಸಿದರೆ ಪಕ್ಕಾ ಲೆಕ್ಕ, ಅದು ಲಾಗ್‌ಬುಕ್. ಹಳೆಯ ಲಾಗ್‌ಬುಕ್ಕಿನ ಪುಟಗಳಲ್ಲಿ ಎಚ್, ಕೆ, ಎಫ್ ಎಂಬ ಮೂರು ಅಂಕಣಗಳು ಸಾಮಾನ್ಯವಾಗಿ ಕಾಣಸಿಗುತ್ತವೆ: ಗಂಟೆ, ಗಂಟು, ಮತ್ತು ಗಂಟಿನ ಭಿನ್ನಾಂಶವನ್ನು ಸೂಚಿಸುವ ಫ್ಯಾದಮ್, ಅಂದರೆ ನಮ್ಮ ಮಾರು. ಪಕ್ಕದಲ್ಲಿ ದಿಕ್ಕು, ಗಾಳಿ, ಕೊನೆಗೆ ‘ಷರಾ’ ಎನ್ನಬಹುದಾದ ಒಂದು ಅಗಲವಾದ ಜಾಗ. ಪದದ ಮುಂದಿನ ಬಾಳನ್ನೆಲ್ಲ ನಿರ್ಧರಿಸಿದ್ದು ಈ ಷರಾ ಅಂಕಣವೇ ಎಂಬುದು ನನ್ನ ಎಣಿಕೆ. ವೇಗ ಬರೆಯಲೆಂದು ಹುಟ್ಟಿದ ಪುಸ್ತಕದಲ್ಲಿ ಸತ್ತವರ ಹೆಸರು, ಕಂಡ ದ್ವೀಪ, ಹರಿದ ಹಾಯಿ, ಉಳಿದ ಕುಡಿಯುವ ನೀರು, ಕೊಟ್ಟ ಶಿಕ್ಷೆ ಎಲ್ಲವೂ ಬಂದು ಕೂತವು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದುಬಂದಿರುವ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಲಾಗ್‌ಬುಕ್ಕುಗಳಿಂದ ಹವಾಮಾನ ವಿಜ್ಞಾನಿಗಳು ಇಂದು ಹಿಂದೂ ಮಹಾಸಾಗರದ ಎರಡು ಶತಮಾನಗಳ ಹಿಂದಿನ ಗಾಳಿ, ಮಳೆ, ವಾಯುಭಾರಗಳ ವಿವರ ಹೆಕ್ಕುತ್ತಿದ್ದಾರೆ. ಅಷ್ಟು ವಿಶಾಲವಾಗಿತ್ತು ಆ ಬರಹ.

ಇಲ್ಲಿಂದ ಪದ ಮರವನ್ನು ಬಿಟ್ಟು ಪುಸ್ತಕವನ್ನು ಹಿಡಿಯಿತು. 19ನೇ ಶತಮಾನದಲ್ಲಿ ನೀರಿನಲ್ಲಿ ತಿರುಗಿ ದೂರವನ್ನು ತಾನೇ ಎಣಿಸುವ ಯಾಂತ್ರಿಕ ಉಪಕರಣಗಳು ಬಂದವು. ಎಡ್ವರ್ಡ್ ಮ್ಯಾಸಿ ಅವರ ಹಕ್ಕುಪತ್ರ 1802ರದು. ಲೋಹದ ಆ ಯಂತ್ರಕ್ಕೂ ‘ಲಾಗ್’ ಎಂಬ ಹೆಸರೇ ಉಳಿಯಿತು. ಲಾಗ್‌ಬುಕ್ ಎಂಬ ಜೋಡಿಪದದಿಂದ ‘ಬುಕ್’ ಉದುರಿ ‘ಲಾಗ್’ ಎಂದರೇ ದಾಖಲೆ ಪುಸ್ತಕ ಎಂಬ ಅರ್ಥ ಬಂದದ್ದೂ, ಅದೇ ಕ್ರಿಯಾಪದವಾಗಿ ‘ಪುಸ್ತಕದಲ್ಲಿ ದಾಖಲಿಸು’ ಎಂಬ ಅರ್ಥ ಕೊಡತೊಡಗಿದ್ದೂ ಆ ಶತಮಾನದ ಮೊದಲಾರ್ಧದಲ್ಲಿ. ನಾವಿಕನೊಬ್ಬನನ್ನು ‘ಲಾಗ್’ ಮಾಡುವುದೆಂದರೆ ಅವನ ಹೆಸರನ್ನೂ ತಪ್ಪನ್ನೂ ಪುಸ್ತಕಕ್ಕೆ ಏರಿಸುವುದು, ಅದರ ಹಿಂದೆಯೇ ದಂಡ ಬರುತ್ತಿತ್ತು. ಹೆಸರು ಪುಸ್ತಕಕ್ಕೆ ಏರಿದರೆ ಹೊಣೆ ತಲೆಗೆ ಏರಿತು ಎಂಬ ಭಾವ ಈ ಕ್ರಿಯಾಪದಕ್ಕೆ ಆರಂಭದಿಂದಲೂ ಅಂಟಿದೆ. ಮುಂದೆ ವಿಮಾನ ಚಾಲಕರು ತಾವು ಹಾರಿದ ಗಂಟೆಗಳನ್ನು, ಲಾರಿ ಚಾಲಕರು ಕ್ರಮಿಸಿದ ದೂರವನ್ನು, ಪ್ರಯೋಗಾಲಯದವರು ಯಂತ್ರ ಓಡಿದ ಹೊತ್ತನ್ನು ಇದೇ ಪದದಿಂದ ದಾಖಲಿಸತೊಡಗಿದರು.

ಇನ್ನು ‘ಇನ್’. ಇದು ಲಾಗ್‌ಗೆ ಅಂಟಿಕೊಳ್ಳುವ ಮೊದಲೇ ಇಂಗ್ಲಿಷಿನಲ್ಲಿ ಹಾಜರಿಯನ್ನು ಸೂಚಿಸುವ ಒಂದು ಗುಂಪು ಬೆಳೆದಿತ್ತು. ಕಾರ್ಖಾನೆಯ ಕಾರ್ಮಿಕ ಗಡಿಯಾರದ ಯಂತ್ರದಲ್ಲಿ ತನ್ನ ಬರುವಿಕೆಯನ್ನು ಗುರುತಿಸುವುದು ‘ಕ್ಲಾಕ್ ಇನ್’, ಹೋಗುವಿಕೆಯನ್ನು ಗುರುತಿಸುವುದು ‘ಕ್ಲಾಕ್ ಔಟ್’. ಅಂಥ ಯಂತ್ರವನ್ನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಲ್ಲರ್ಡ್ ಬಂಡಿ 1880ರ ದಶಕದ ಕೊನೆಯಲ್ಲಿ ರೂಪಿಸಿದ್ದರು. ಸಹಿ ಹಾಕಿ ಹಾಜರಿ ಕೊಡುವುದು ‘ಸೈನ್ ಇನ್’, ಹೋಟೆಲಿನ ಪುಸ್ತಕದಲ್ಲಿ ಹೆಸರು ಬರೆಸುವುದು ‘ಚೆಕ್ ಇನ್’. ಇವೆಲ್ಲವುಗಳಲ್ಲಿಯೂ ‘ಇನ್’ ಹೇಳುವುದು ಕಾಲು ಹೊಸ್ತಿಲು ದಾಟಿತು ಎಂಬುದನ್ನಲ್ಲ, ಈ ಕ್ಷಣದಿಂದ ಈ ವ್ಯಕ್ತಿ ಹಾಜರಿದ್ದಾನೆ ಎಂದು ಬರೆದುಕೊಳ್ಳಲಾಗಿದೆ ಎಂಬುದನ್ನು. ಹೊಸ್ತಿಲು ದಾಟಿಯೂ ಸಹಿ ಹಾಕದವನು ಲೆಕ್ಕದಲ್ಲಿ ಗೈರುಹಾಜರಿಯೇ. ಸರ್ಕಾರಿ ಕಚೇರಿಯ ಹಾಜರಿ ಪುಸ್ತಕವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಲಾಗ್ ಇನ್’ ರೂಪುಗೊಂಡದ್ದು ಇದೇ ಅಚ್ಚಿನಲ್ಲಿ.

ಕಂಪ್ಯೂಟರ್ ಕೋಣೆಗೆ ಲಾಗ್ ಬಂದದ್ದು ಕಾಗದದ ಪುಸ್ತಕವಾಗಿಯೇ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ನೌಕಾಪಡೆಗಾಗಿ ನಿರ್ಮಿಸಿದ ಮಾರ್ಕ್ 2 ಯಂತ್ರದ ಲಾಗ್‌ಬುಕ್ಕಿನ ಒಂದು ಪುಟ ಜಗತ್ಪ್ರಸಿದ್ಧವಾಗಿದೆ: 1947ರ ಸೆಪ್ಟೆಂಬರ್ 9ರಂದು ರಿಲೇ ಎಂಬ ವಿದ್ಯುತ್ ಸ್ವಿಚ್ಚೊಂದರಲ್ಲಿ ಸಿಕ್ಕಿಕೊಂಡ ಪತಂಗವನ್ನು ತೆಗೆದು ಆ ಪುಟಕ್ಕೇ ಅಂಟಿಸಿ, ನಿಜವಾದ ‘ಬಗ್’ (ಹುಳು; ಯಂತ್ರದ ದೋಷಕ್ಕೂ ಇದೇ ಮಾತು) ಸಿಕ್ಕಿದ ಮೊದಲ ಪ್ರಸಂಗ ಎಂದು ಷರಾ ಬರೆದಿದ್ದಾರೆ. ಆ ಪುಟ ಈಗ ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಜನ ನೋಡುವುದು ಪತಂಗವನ್ನು. ಆದರೆ ಅದರ ಸುತ್ತ ಗಂಟೆ ನಿಮಿಷ ಸಹಿತವಾಗಿ ಬರೆದಿರುವ ಸಾಲುಗಳನ್ನು ಗಮನಿಸಿದರೆ ಹಡಗಿನ ಲಾಗ್‌ಬುಕ್ಕಿನ ಕ್ರಮವೇ ಕಾಣುತ್ತದೆ.

ಒಂದೇ ಯಂತ್ರವನ್ನು ಒಮ್ಮೆಗೆ ಹಲವರು ಬಳಸುವ ವ್ಯವಸ್ಥೆ ಬಂದಾಗ ಪುಸ್ತಕದ ಕೆಲಸವನ್ನು ಯಂತ್ರವೇ ಮಾಡಬೇಕಾಯಿತು. ಅಮೆರಿಕದ ಎಂಐಟಿ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೋ ಅವರ ತಂಡ 1961ರ ನವೆಂಬರ್‌ನಲ್ಲಿ ಪ್ರದರ್ಶಿಸಿದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಇದರಲ್ಲಿ ಹೆಸರಾದದ್ದು. ಕೆಲಸ ಆರಂಭಿಸಲು ಅದರಲ್ಲಿ ಬೆರಳಚ್ಚಿಸಬೇಕಿದ್ದ ಆಜ್ಞೆ ‘ಲಾಗಿನ್’, ಮುಗಿಸಲು ‘ಲಾಗೌಟ್’. ಆಗ ಕಂಪ್ಯೂಟರಿನ ಸಮಯ ಬಹಳ ದುಬಾರಿ; ಪ್ರತಿಯೊಬ್ಬ ಬಳಕೆದಾರನಿಗೂ ಇಷ್ಟೇ ಹೊತ್ತು ಎಂಬ ಪಾಲು ಇತ್ತು. ಲಾಗಿನ್ ಆದಾಗ ಬಳಕೆದಾರನ ಗುರುತು, ದಿನಾಂಕ, ವೇಳೆಗಳನ್ನೂ ಹಿಂದಿನ ಸಲ ಯಾವಾಗ ಲಾಗೌಟ್ ಆಗಿದ್ದ ಎಂಬುದನ್ನೂ ಯಂತ್ರ ಅಚ್ಚುಮಾಡುತ್ತಿತ್ತು. ಲಾಗೌಟ್ ಆದಾಗ ಬಳಸಿದ ಒಟ್ಟು ಸಮಯವನ್ನು ತೋರಿಸುತ್ತಿತ್ತು. ಇದು ದ್ವಾರಪಾಲಕನ ಕೆಲಸಕ್ಕಿಂತ ಗುಮಾಸ್ತನ ಕೆಲಸವಾಗಿತ್ತು.

ಪಾಸ್‌ವರ್ಡ್ ಬಂದದ್ದೂ ಇದೇ ವ್ಯವಸ್ಥೆಯಲ್ಲಿ, ಒಬ್ಬರ ಕಡತ, ಒಬ್ಬರ ಪಾಲಿನ ಸಮಯ ಇನ್ನೊಬ್ಬರ ಕೈಗೆ ಹೋಗದಿರಲೆಂದು. ಅದರ ಮೊದಲ ಕಳ್ಳತನದ ಕಥೆಯಲ್ಲಿಯೂ ಕದ್ದದ್ದು ರಹಸ್ಯವನ್ನಲ್ಲ, ಹೊತ್ತನ್ನು. ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪಾಲಿನ ಗಂಟೆಗಳು ಸಾಲುತ್ತಿರಲಿಲ್ಲ. 1962ರಲ್ಲಿ ಆತ ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಅಚ್ಚುಹಾಕಿಸಿಕೊಂಡು, ಬೇರೆಯವರ ಹೆಸರಿನಲ್ಲಿ ಲಾಗಿನ್ ಆಗಿ ಕೆಲಸ ಮುಂದುವರಿಸಿದರು. ದಶಕಗಳ ನಂತರ ಇದನ್ನು ಅವರೇ ಬಹಿರಂಗಪಡಿಸಿದರು. ಲೆಕ್ಕದ ಪುಸ್ತಕದಲ್ಲಿ ಮತ್ತೊಬ್ಬರ ಖಾತೆಗೆ ಖರ್ಚು ಬರೆಸಿದ ಹಾಗೆ ಅದು.

ಇನ್ನೊಂದು ಪ್ರಸಂಗದಲ್ಲಿ ಹಳೆಯ ಲಾಗ್ ಮತ್ತು ಹೊಸ ಲಾಗಿನ್ ಒಂದೇ ಕೋಣೆಯಲ್ಲಿ ಭೇಟಿಯಾದವು. ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್‌ನಲ್ಲಿ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರ ರಾತ್ರಿ. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಲೆನಾರ್ಡ್ ಕ್ಲೈನ್‌ರಾಕ್ ಅವರ ವಿದ್ಯಾರ್ಥಿ ಚಾರ್ಲಿ ಕ್ಲೈನ್, ನೂರಾರು ಕಿಲೋಮೀಟರ್ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ ಲಾಗಿನ್ ಆಗಲು ಅಕ್ಷರಗಳನ್ನು ಒಂದೊಂದಾಗಿ ಕಳಿಸಿದರು. ‘ಎಲ್’ ತಲುಪಿತು, ‘ಓ’ ತಲುಪಿತು, ‘ಜಿ’ ಹೊತ್ತಿಗೆ ಆಚೆಯ ವ್ಯವಸ್ಥೆ ಕುಸಿಯಿತು. ಸುಮಾರು ಒಂದು ಗಂಟೆಯ ನಂತರ ಪ್ರಯತ್ನ ಕೈಗೂಡಿತು. ಈ ಘಟನೆಗೆ ಇರುವ ಸಮಕಾಲೀನ ಲಿಖಿತ ಸಾಕ್ಷಿ ಯಾವುದು ಎಂದರೆ ಆ ಕೋಣೆಯ ಲಾಗ್‌ಬುಕ್: ರಾತ್ರಿ 22:30ರ ವೇಳೆಯ ಎದುರು, ಆ ಸಂಸ್ಥೆಯ ಯಂತ್ರದೊಡನೆ ಮಾತನಾಡಲಾಯಿತು ಎಂಬ ಕೈಬರಹದ ಒಂದು ಸಾಲು.

ಬಳಕೆಯ ಕುರಿತು ಕೆಲವು ಮಾತು. ಎಚ್ಚರಿಕೆಯ ಇಂಗ್ಲಿಷ್ ಬರವಣಿಗೆಯಲ್ಲಿ ಕ್ರಿಯಾಪದವಾದಾಗ ಇದು ‘ಲಾಗ್’ ಮತ್ತು ‘ಇನ್’ ಎಂಬ ಎರಡು ಬಿಡಿಪದ, ನಾಮಪದವಾದಾಗ ಮಾತ್ರ ‘ಲಾಗಿನ್’ ಎಂಬ ಇಡಿಪದ. ಭೂತಕಾಲದ ಪ್ರತ್ಯಯ ಮೊದಲ ಪದಕ್ಕೆ ಹತ್ತುವುದರಿಂದ ‘ಲಾಗ್ಡ್ ಇನ್’ ಸರಿ, ‘ಲಾಗಿನ್ಡ್’ ಎಂಬುದಿಲ್ಲ. ಕರ್ಮಪದ ನಡುವೆ ಬಂದು ಕೂರಬಹುದು. ‘ಲಾಗ್ ಮಿ ಇನ್’ ಎಂಬಲ್ಲಿ ಆದದ್ದು ಅದೇ. ಕೆಲವು ಕಂಪನಿಗಳ ಯಂತ್ರಗಳಲ್ಲಿ ‘ಲಾಗ್ ಆನ್’ ಎಂಬ ರೂಪ ನೆಲೆಯೂರಿತ್ತು, ಐಬಿಎಂನ ದೊಡ್ಡ ಕಂಪ್ಯೂಟರುಗಳಲ್ಲಿ ಅದೇ ರೂಢಿ. ವಿಂಡೋಸ್ ಕೂಡ ಬಹುಕಾಲ ‘ಲಾಗ್ ಆನ್’ ಎನ್ನುತ್ತಿದ್ದು, ಎಂಟನೆಯ ಆವೃತ್ತಿಯ ಹೊತ್ತಿಗೆ ‘ಸೈನ್ ಇನ್’ಗೆ ಬಂತು. ಅರ್ಥದಲ್ಲಿ ವ್ಯತ್ಯಾಸವೇನೂ ಇಲ್ಲ. ಕನ್ನಡ ಈ ತೊಡಕಿನಲ್ಲಿ ಸಿಕ್ಕಿಕೊಳ್ಳಲಿಲ್ಲ. ಅದು ನಾಮಪದವನ್ನಷ್ಟೇ ಎರವಲು ಪಡೆದು ‘ಲಾಗಿನ್ ಆಗು’, ‘ಲಾಗಿನ್ ಮಾಡು’ ಎಂದು ತನ್ನ ಕ್ರಿಯಾಪದವನ್ನೇ ಜೋಡಿಸಿಕೊಂಡಿತು. ‘ಬ್ಲಾಗ್’ ಕೂಡ ಇದೇ ಮರದ ಚಿಗುರು: 1997ರಲ್ಲಿ ಬಳಕೆಗೆ ಬಂದ ‘ವೆಬ್‌ಲಾಗ್’ ಎಂಬುದನ್ನು 1999ರಲ್ಲಿ ತಮಾಷೆಗೆ ‘ವಿ ಬ್ಲಾಗ್’ ಎಂದು ಒಡೆದದ್ದರಿಂದ ಹುಟ್ಟಿದ್ದು. ವ್ಲಾಗ್ ಮಾಡುವ ಯುವಕರು ಹಡಗಿನ ಷರಾ ಅಂಕಣವನ್ನೇ ಕ್ಯಾಮೆರಾದಲ್ಲಿ ಬರೆಯುತ್ತಿದ್ದಾರೆ ಎಂದರೂ ನಡೆದೀತು.

ಲಾಗಿನ್ ಎಂಬುದು ಬಾಗಿಲಿಗಿಂತ ಹೆಚ್ಚಾಗಿ ದಾಖಲೆ ಎಂಬುದು ಕರ್ನಾಟಕದ ರೈತರಿಗೆ ನೇರವಾಗಿ ತಟ್ಟಿದ್ದು ಭೂಮಿ ಯೋಜನೆಯಲ್ಲಿ. ಈ ಶತಮಾನದ ಆರಂಭದಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ದಾಖಲೆ ತಿದ್ದುವ ಅಧಿಕಾರವಿದ್ದವರು ಬೆರಳಚ್ಚು ಕೊಟ್ಟು ಲಾಗಿನ್ ಆಗುವ ವ್ಯವಸ್ಥೆಯನ್ನು ತಂದರು. ಕೈಬರಹದ ಪಹಣಿಯಲ್ಲಿ ಹೆಸರು ಬದಲಾದರೆ ಯಾರ ಕೈ ಎಂದು ಪತ್ತೆಹಚ್ಚುವುದು ಕಷ್ಟವಾಗಿತ್ತು. ಬೆರಳಚ್ಚಿನ ಲಾಗಿನ್‌ನಿಂದ ಪ್ರತಿ ತಿದ್ದುಪಡಿಯ ಜತೆಗೆ ತಿದ್ದಿದವರ ಗುರುತೂ ಉಳಿಯುತ್ತದೆ. ಅನ್ಯರನ್ನು ತಡೆಯುವುದು ಎಷ್ಟು ಮುಖ್ಯವೋ, ಅಧಿಕಾರವಿದ್ದವರು ಮಾಡಿದ್ದನ್ನು ಅವರ ಹೆಸರಿಗೆ ಬರೆದಿಡುವುದೂ ಅಷ್ಟೇ ಮುಖ್ಯ.

ಇಂದು ಸರ್ವರ್‌ಗಳನ್ನು ನೋಡಿಕೊಳ್ಳುವವರು ‘ಲಾಗ್ ನೋಡಿ’ ಎನ್ನುವುದು ಯಂತ್ರ ತಾನೇ ಬರೆದಿಟ್ಟ ಇಂಥ ಸಾಲುಗಳನ್ನು. ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ತನ್ನ ಆರಂಭದ ದಿನಗಳಿಂದಲೂ ಯಾರು ಯಾವಾಗ ಬಂದರು, ಯಾವಾಗ ಹೋದರು ಎಂಬುದಕ್ಕೆ ಒಂದು ಪ್ರತ್ಯೇಕ ಕಡತವನ್ನು ಇಟ್ಟುಕೊಂಡಿದೆ, ಅದರ ಮಾದರಿಯ ಲಿನಕ್ಸ್‌ನಲ್ಲಿಯೂ ಆ ಪದ್ಧತಿ ಮುಂದುವರಿದು ಬಂದಿದೆ. ಬ್ಯಾಂಕಿನ ಜಾಲತಾಣಕ್ಕೆ ಲಾಗಿನ್ ಆದಾಗ ಮೂಲೆಯಲ್ಲಿ ಹಿಂದಿನ ಲಾಗಿನ್‌ನ ದಿನಾಂಕ ಮತ್ತು ವೇಳೆ ಕಾಣಿಸುವುದುಂಟು. ಸಿಟಿಎಸ್‌ಎಸ್ ಅಚ್ಚುಮಾಡುತ್ತಿದ್ದ ಸಾಲಿನ ವಂಶದ್ದೇ ಅದು. ಹೆಚ್ಚಿನವರು ಅದನ್ನು ಓದದೆ ಮುಂದೆ ಹೋಗುತ್ತಾರೆ. ತಾವು ಮಲಗಿದ್ದ ಹೊತ್ತಿನಲ್ಲಿ ತಮ್ಮ ಹೆಸರಿನಲ್ಲಿ ಯಾರೋ ಲೆಕ್ಕಕ್ಕೆ ಸೇರಿದ್ದರೆ ಅದು ಆ ಒಂದು ಸಾಲಿನಿಂದ ಗೊತ್ತಾಗಬಹುದಾದ್ದರಿಂದ ಅದನ್ನು ಓದುವುದು ಒಳ್ಳೆಯದು.